ಬಾನಿಗೆ ಹಲವು ಬಾಗಿಲು



ವಿಮಾನವೆಂದೊಡನೆ ನಮಗೆ ನೆನಪಾಗುವುದು ಪೈಲಟ್ ಒಬ್ಬರೇ. ಈ ಕ್ಷೇತ್ರಕ್ಕೆ ಹೋಗಬೇಕೆಂದು ಬಯಸುವ ನಿಮ್ಮಲ್ಲಿ ಹೆಚ್ಚಿನವರ ಕನಸೂ ಅದೇ ಆಗಿರಬಹುದು. ಆದರೆ ಬೆಂಗಳೂರಿನಲ್ಲಿ ವಿಮಾನೋದ್ಯಮ ಬೇರೂರಿದ ಚರಿತ್ರೆಯನ್ನು ಗಮನಿಸಿ. ಅಲ್ಲಿ ಮೊದಲು ಬೇಕಾದವರು ವಿಮಾನ ಹಾರಿಸುವವರಲ್ಲ, ಕಟ್ಟುವವರು.

ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದ ಮೈಸೂರು ಸರ್ಕಾರ ಜಮೀನು ಕೊಟ್ಟು, ಬಂಡವಾಳದಲ್ಲೂ ಪಾಲುಗೊಂಡಿತು. 1941ರ ಆಗಸ್ಟ್‌ನಲ್ಲಿ ಅಮೆರಿಕದ ವಿನ್ಯಾಸದ ಹಾರ್ಲೋ ತರಬೇತಿ ವಿಮಾನವೊಂದು ಇಲ್ಲಿ ಜೋಡಣೆಗೊಂಡು ಹಾರಿತು. ಯುದ್ಧಕಾಲದಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳು ದುರಸ್ತಿಗಾಗಿ ಇಲ್ಲಿಗೆ ಬಂದವು. ಇದು ನುರಿತ ಕೈಗಳು ಮಾಡಬೇಕಾದ ಕೆಲಸ.

ಕೈಚಳಕದ ಜೊತೆಗೆ ಶಾಸ್ತ್ರಜ್ಞಾನವೂ ಬೇಕಲ್ಲವೇ? 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ಆರಂಭವಾಯಿತು. ಅದನ್ನು ರೂಪಿಸಿದವರಲ್ಲಿ ಡಾ. ವಿ. ಎಂ. ಘಾಟಗೆ ಪ್ರಮುಖರು. ಅವರು ಜರ್ಮನಿಯ ಗಾಟಿಂಗೆನ್‌ನಲ್ಲಿ ಪ್ರಸಿದ್ಧ ವಿಜ್ಞಾನಿ ಪ್ರಾಂಟ್ಲ್ ಅವರ ಬಳಿ ಕಲಿತವರು.

ಹಾರಾಟ ಕಲಿಸುವ ಸರ್ಕಾರಿ ಶಾಲೆ ಬೆಂಗಳೂರಿನ ಜಕ್ಕೂರಿನಲ್ಲಿ ತೆರೆದದ್ದು 1948ರಲ್ಲಿ. ಮರುವರ್ಷವೇ ಉಷಾ ಸುಂದರಂ ಎಂಬ ಮಹಿಳೆ ಅಲ್ಲಿ ತರಬೇತಿ ಮುಗಿಸಿದರು. 1951ರ ಆಗಸ್ಟ್‌ನಲ್ಲಿ ಘಾಟಗೆಯವರ ನೇತೃತ್ವದಲ್ಲಿ ವಿನ್ಯಾಸಗೊಂಡ ಎಚ್‌ಟಿ-2 ವಿಮಾನ ಬೆಂಗಳೂರಿನ ಬಾನಿಗೇರಿತು. ನಮ್ಮ ವಾಯುಪಡೆಯ ಎಷ್ಟೋ ಮಂದಿ ಹಾರಾಟದ ಓನಾಮ ಕಲಿತದ್ದು ಅದರಲ್ಲಿಯೇ. ಕಾರ್ಮಿಕ, ಎಂಜಿನಿಯರ್, ಪೈಲಟ್ ಮೂವರ ಶ್ರಮವೂ ಆ ಒಂದು ವಿಮಾನದಲ್ಲಿ ಕೂಡಿತ್ತು.

ಈ ಚರಿತ್ರೆಯಿಂದ ನೀವು ಕಲಿಯಬೇಕಾದುದೇನು? ಮೊದಲು ನಿಮಗೆ ಒಪ್ಪುವ ಬಾಗಿಲನ್ನು ಗುರುತಿಸಿಕೊಳ್ಳಿ. ಯಂತ್ರಗಳನ್ನು ಬಿಚ್ಚಿ ಜೋಡಿಸುವುದರಲ್ಲಿ ಆಸಕ್ತಿಯಿದ್ದರೆ ವಿಮಾನ ನಿರ್ವಹಣೆಯ ತರಬೇತಿಯಿದೆ. ಲೆಕ್ಕ, ರೇಖಾಚಿತ್ರಗಳಲ್ಲಿ ಒಲವಿದ್ದರೆ ವೈಮಾನಿಕ ಎಂಜಿನಿಯರಿಂಗ್ ಇದೆ. ನೆಲದಿಂದಲೇ ವಿಮಾನಗಳಿಗೆ ದಾರಿ ತೋರುವ ಸಂಚಾರ ನಿಯಂತ್ರಕರ ಹುದ್ದೆಗಳೂ ಇವೆ. ಯಾವ ಬಾಗಿಲಿಗೆ ಹೋದರೂ ಗಣಿತ ಮತ್ತು ಭೌತಶಾಸ್ತ್ರದ ಅಡಿಪಾಯ ಗಟ್ಟಿಯಾಗಿರಲಿ.

ಪೈಲಟ್ಟೇ ಆಗಬೇಕೆನ್ನುವವರಿಗೆ ಒಂದು ಕಿವಿಮಾತು. ವಾಣಿಜ್ಯ ಪೈಲಟ್ ಲೈಸೆನ್ಸಿಗೆ ಕನಿಷ್ಠ 18 ವರ್ಷ ವಯಸ್ಸಾಗಿರಬೇಕು. ಸಾಮಾನ್ಯವಾಗಿ 200 ಗಂಟೆಗಳ ಹಾರಾಟದ ಅನುಭವವೂ ಬೇಕು. ಇದಕ್ಕೆ ತಗಲುವ ವೆಚ್ಚ ಲಕ್ಷಗಟ್ಟಲೆ. ಆದ್ದರಿಂದ ಶುಲ್ಕ ಕಟ್ಟುವ ಮೊದಲೇ ವೈದ್ಯಕೀಯ ಪರೀಕ್ಷೆ ಮಾಡಿಸಿಕೊಳ್ಳಿ. ತಂದೆತಾಯಿಗಳು ಹೊಲ ಮಾರಿಯೋ ಸಾಲ ಮಾಡಿಯೋ ಹಣ ಕಟ್ಟಿದ ಮೇಲೆ ದೃಷ್ಟಿದೋಷವೋ ಹೃದಯದ ತೊಂದರೆಯೋ ಅಡ್ಡಬಂದರೆ, ನಷ್ಟ ಇಡೀ ಮನೆಯದು. ಸೇರುವ ಶಾಲೆಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಮಾನ್ಯತೆ ಇದೆಯೇ ಎಂಬುದನ್ನೂ ವಿಚಾರಿಸಿ. ನಿಯಮಗಳು ಆಗಾಗ ಬದಲಾಗುತ್ತವೆ. ಅವರಿವರ ಮಾತಿಗಿಂತ ನಿರ್ದೇಶನಾಲಯದ ಪ್ರಕಟಣೆಯನ್ನೇ ನಂಬಿ.

ಒಂದು ಬಾಗಿಲು ತೆರೆಯದಿದ್ದರೆ ಎದೆಗುಂದಬೇಡಿ. ಎಚ್‌ಟಿ-2ರ ವಿನ್ಯಾಸಕ್ಕೆ ಹೆಸರಾದ ಘಾಟಗೆಯವರು ವಿಮಾನರಂಗಕ್ಕೆ ಬಂದದ್ದು ಪೈಲಟ್ಟಿನ ಆಸನದಿಂದಲ್ಲ, ಗಣಿತದ ಮೇಜಿನಿಂದ.