ಸಿ.ಐ.ಡಿ. 999ರ ಸೀಮೆಯಲ್ಲಿ ಗುಂಡಿನ ಸದ್ದು

ಕನ್ನಡ ಸಿನಿಮಾಕ್ಕೆ ಬಾಂಡ್ ಮಾದರಿಯ ಗೂಢಚಾರ ಬಂದದ್ದು 1968ರಲ್ಲಿ, ದೊರೈ–ಭಗವಾನ್ ಜೋಡಿಯ ‘ಜೇಡರ ಬಲೆ’ಯಿಂದ. ಗೂಢಚಾರನ ಹೆಸರು ಪ್ರಕಾಶ್, ನಂಬರು ಸಿ.ಐ.ಡಿ. 999. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’ ಬಂತು, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’. ಈ ಮೂರೂ ಕಪ್ಪು-ಬಿಳುಪು. ಬಣ್ಣದಲ್ಲಿ ಬಂದದ್ದು 1978ರ ‘ಆಪರೇಷನ್ ಡೈಮಂಡ್ ರಾಕೆಟ್’. ಇಂಗ್ಲಿಷಿನ 007 ‘ಡಾಕ್ಟರ್ ನೋ’ ಮೂಲಕ ತೆರೆಗೆ ಬಂದದ್ದು 1962ರಲ್ಲಿ. ಆರು ವರ್ಷಕ್ಕೆ ನಮಗೂ ಒಬ್ಬ ಸಿಕ್ಕಿದ. ಸೂಟು ಹಾಕಿ ಪಿಸ್ತೂಲು ಹಿಡಿದು ನಿಂತವರು ನಮ್ಮ ತಾಳವಾಡಿ ಸೀಮೆಯವರೇ. 1929ರ ಏಪ್ರಿಲ್ 24ರಂದು ದೊಡ್ಡಗಾಜನೂರಿನಲ್ಲಿ ಹುಟ್ಟಿದ ಮುತ್ತುರಾಜ್; ಲೋಕಕ್ಕೆ ರಾಜ್‌ಕುಮಾರ್, ನಮಗೆ ಅಣ್ಣಾವ್ರು.

ನಮ್ಮ ಕಡೆ ಅಣ್ಣಾವ್ರು ಅಂದರೆ ಬೇಡರ ಕಣ್ಣಪ್ಪ, ಕಾಳಿದಾಸ, ಮಯೂರ. ಗೂಢಚಾರನ ಚಿತ್ರಗಳನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತಗೊಳ್ಳೋದಿಲ್ಲ. ‘ಅದೇನು ಬುಡಿ, ಬಾಂಡ್ ಕಾಪಿ’ ಅಂತಾರೆ. ನನ್ನ ಅಭಿಪ್ರಾಯ ಬೇರೆ. ಗೋವಾ ಚಿತ್ರವನ್ನೇ ನೋಡಿ. ಪೋರ್ಚುಗೀಸರು ಗೋವಾ ಬಿಟ್ಟದ್ದು 1961ರ ಡಿಸೆಂಬರಿನಲ್ಲಿ. ಮಹಾರಾಷ್ಟ್ರಕ್ಕೆ ಸೇರಬೇಕೋ ಬೇಡವೋ ಎಂದು ಅಲ್ಲಿನ ಜನರ ಮತ ಕೇಳಿದ್ದು 1967ರ ಜನವರಿಯಲ್ಲಿ. (1956ರಲ್ಲಿ ನಮ್ಮನ್ನು ಮದ್ರಾಸ್ ರಾಜ್ಯದಲ್ಲೇ ಉಳಿಸುವಾಗ ಹಾಗೆ ಯಾರೂ ಮತ ಕೇಳಲಿಲ್ಲ, ಇರಲಿ.) ಮರುವರ್ಷವೇ ಆ ಗೋವಾ ಕನ್ನಡ ಚಿತ್ರದ ಕಥೆಗೆ ನೆಲವಾಯಿತು. ಅಲ್ಲಿಯವರೆಗೆ ಪುರಾಣ, ಸಂಸಾರ, ಹಳ್ಳಿ ಎಂದಿದ್ದ ಕನ್ನಡದ ನಾಯಕ ಈಗ ಗಡಿ ದಾಟಿ ಹೋಗಿ ಕನ್ನಡದಲ್ಲೇ ಪತ್ತೇದಾರಿಕೆ ಮಾಡಿದ. ಗಡಿಯಲ್ಲಿ ಬದುಕುವ ನಮ್ಮಂಥವರಿಗೆ ಇದು ಸಣ್ಣ ಸಂಗತಿ ಅಲ್ಲ.

ಈ ಚಿತ್ರಗಳನ್ನು ಮತ್ತೆ ನೋಡುವ ಸಂದರ್ಭ ಒದಗಿಸಿದವನು ನನ್ನ ತಂಗಿಯ ಮಗ. ತಿರುಪ್ಪೂರಿನಲ್ಲಿ ದುಡಿಯುವ ಹುಡುಗ, ಮನೆಗೆ ಹೋಂ ಥಿಯೇಟರ್ ತಂದ. ಟಿ.ವಿ.ಯ ಎಡಕ್ಕೊಂದು, ಬಲಕ್ಕೊಂದು, ನಡುವೆ ಒಂದು ಸ್ಪೀಕರು. ಕೂತವರ ಬೆನ್ನ ಹಿಂದೆ ಎರಡು. ಮೂಲೆಯಲ್ಲಿ ಸಬ್‌ವೂಫರ್ ಅನ್ನುವ ಮರದ ಡಬ್ಬ. ಇದಕ್ಕೆ 5.1 ಎನ್ನುತ್ತಾರೆ. ಆ ‘.1’ ಅಂದರೆ ಡಬ್ಬ. ಸುಮಾರು 120 ಹರ್ಟ್ಸಿಗಿಂತ ಕೆಳಗಿನ, ಕಿವಿಗಿಂತ ಎದೆಗೆ ಹೆಚ್ಚು ತಟ್ಟುವ ಸದ್ದು ಮಾತ್ರ ಅದರ ಪಾಲು. 1992ರಲ್ಲಿ ‘ಬ್ಯಾಟ್‌ಮನ್ ರಿಟರ್ನ್ಸ್’ ಚಿತ್ರದೊಂದಿಗೆ ಡಾಲ್ಬಿಯವರ ಡಿಜಿಟಲ್ ಸದ್ದು ಚಿತ್ರಮಂದಿರಕ್ಕೆ ಬಂತು. ಮುಂದೆ ಡಿ.ವಿ.ಡಿ. ಬಂದ ಮೇಲೆ ಅದೇ ಮನೆಮನೆಗೂ ನುಗ್ಗಿತು.

ಮೊದಲು ಹಾಕಿದ್ದು ‘ಸ್ಕೈಫಾಲ್’, 2012ರ ಬಾಂಡ್ ಚಿತ್ರ. ಇಸ್ತಾಂಬುಲಿನಲ್ಲಿ ಶುರುವಾಗುವ ಅಟ್ಟಾಟ, ರೈಲಿನ ಮೇಲೆ ಹೊಡೆದಾಟ. ಸದ್ದು ಬೆನ್ನ ಹಿಂದಿನಿಂದ ಬಂದು ಮುಂದಕ್ಕೆ ಹಾಯುತ್ತದೆ. ಗುಂಡು ಹಾರಿದರೆ ಗೂಡಿನ ಪಾತ್ರೆ ಅಲ್ಲಾಡುತ್ತದೆ. ಇಂಥ ಚಿತ್ರಗಳ ಗುಂಡಿನ ಸದ್ದು ಬರೀ ಬಂದೂಕಿನದ್ದಲ್ಲ. ಸಿಡಿತಕ್ಕೊಂದು ಧ್ವನಿ, ಗುದ್ದಿಗೊಂದು, ತೋಟಾ ಕೆಳಗೆ ಬೀಳುವುದಕ್ಕೊಂದು, ಮಾರ್ದನಿಗೊಂದು, ಹೀಗೆ ಒಂದರ ಮೇಲೊಂದು ಹೊದಿಸಿ ಸ್ಟುಡಿಯೋದಲ್ಲಿ ಕಟ್ಟುತ್ತಾರೆ. ನಿಜವಾದ ಗುಂಡಿನದ್ದು ದೂರದಿಂದ ಕೇಳಿದರೆ ಒಣಕೊಂಬೆ ಮುರಿದ ಹಾಗೆ, ಅಷ್ಟೆ.

ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನಮ್ಮ ದೊಡ್ಡಮ್ಮ, ‘ವಸಿ ತಗ್ಸು ಮೊಗಾ, ಆಚ್ಗೆ ಕೇಳ್ತದೆ’ ಅಂದರು.

ಹುಡುಗ ನಕ್ಕ. ‘ಕೇಳ್ಲಿ ಬುಡಜ್ಜಿ, ಸಿನಿಮಾ ಅಲ್ವಾ?’ ಅವನು ಹುಟ್ಟಿದ್ದು 2003ರಲ್ಲಿ. ಸದ್ದು ಆಚೆಗೆ ಕೇಳಿಸಿದರೆ ಏನು ಕಷ್ಟ ಎಂಬುದು ಅವನಿಗೆ ಗೊತ್ತಿಲ್ಲ.

2000ದ ಜುಲೈ 30ರ ರಾತ್ರಿ ಗಾಜನೂರಿನ ತೋಟದ ಮನೆಯಿಂದ ರಾಜ್‌ಕುಮಾರ್ ಅವರನ್ನು ವೀರಪ್ಪನ್ ಎತ್ತಿಕೊಂಡು ಹೋದ. 108 ದಿನ ಕಾಡಿನಲ್ಲಿಟ್ಟು ನವೆಂಬರ್ 15ಕ್ಕೆ ಬಿಟ್ಟ. ಲೋಕಕ್ಕೆ ಇಷ್ಟು ಗೊತ್ತು. ಕಾಡಂಚಿನ ಹಳ್ಳಿಗಳಿಗೆ ಕಷ್ಟ ಅದಕ್ಕೂ ಬಹಳ ಹಿಂದೆಯೇ ಶುರುವಾಗಿತ್ತು, ಅಲ್ಲಿಗೇ ಮುಗಿಯಲೂ ಇಲ್ಲ. ಆ ಕಾಲದಲ್ಲಿ ನಮ್ಮ ಮಾತಿಗೆ ಹೊಸದಾಗಿ ಬಂದು ಸೇರಿದ ಪದ ‘ಇನ್ಫಾರ್ಮರ್’. ಪೊಲೀಸಿಗೆ ಸುಳಿವು ಕೊಟ್ಟವನೆಂದು ಅನುಮಾನ ಬಂದರೆ ಕಾಡಿನವನು ಕೊಲ್ಲುತ್ತಿದ್ದ. ಕಾಡಿನವನಿಗೆ ಅಕ್ಕಿ ಕೊಟ್ಟವನೆಂದು ಅನುಮಾನ ಬಂದರೆ ವಿಶೇಷ ಕಾರ್ಯಪಡೆ ಎಳೆದೊಯ್ಯುತ್ತಿತ್ತು. ಕಾರ್ಯಪಡೆಯ ಮೇಲಿನ ದೂರುಗಳ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕು ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ನೇಮಿಸಿತು. 2007ರಲ್ಲಿ 89 ಮಂದಿಗೆ ಪರಿಹಾರ ಕೊಡಲು ಆಯೋಗ ಹೇಳಿತು. ಅಕ್ಕಪಕ್ಕದ ಮನೆಯವರು ಜೋರಾಗಿ ಮಾತಾಡಲು ಹೆದರುತ್ತಿದ್ದ ವರ್ಷಗಳವು. ಸಿನಿಮಾದ ಗೂಢಚಾರನಿಗೆ ನಂಬರಿರುತ್ತದೆ, ಪರವಾನಗಿ ಇರುತ್ತದೆ. ನಮ್ಮ ಸೀಮೆಯ ‘ಗೂಢಚಾರ’ನಿಗೆ ತಾನು ಗೂಢಚಾರ ಅನ್ನುವುದೇ ಎಷ್ಟೋ ಸಲ ತಿಳಿದಿರುತ್ತಿರಲಿಲ್ಲ; ಬೇರೆಯವರು ಹೇಳಿದ ಮೇಲೆಯೇ ತಿಳಿಯೋದು.

ಕೊನೆಗೆ ವೀರಪ್ಪನ್ ಸಿಕ್ಕಿಬಿದ್ದದ್ದೂ ಗೂಢಚಾರಿಕೆಯಿಂದಲೇ. ಮಾರುವೇಷದ ಪೊಲೀಸರು ಅವನ ನಂಬಿಕೆ ಗಳಿಸಿದರು. ಕಣ್ಣಿನ ಚಿಕಿತ್ಸೆಗೆಂದು ಆಂಬುಲೆನ್ಸಿನಲ್ಲಿ ಹೊರಟವನಿಗೆ ವಂಡಿ ಓಡಿಸುವವನೇ ಪೊಲೀಸು ಎಂಬುದು ತಿಳಿಯಲಿಲ್ಲ. 2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿಯ ಹತ್ತಿರ ಕಥೆ ಮುಗಿಯಿತು. ಇದು ಸಿನಿಮಾದಲ್ಲಿ ಬಂದಿದ್ದರೆ ಜನ ನಂಬುತ್ತಿರಲಿಲ್ಲ.

ದೊಡ್ಡಮ್ಮ ಹೇಳಿದ ಮೇಲೆ ಹುಡುಗ ಸದ್ದು ತಗ್ಗಿಸಿದ. ನಾನು ಕೇಳಿದ್ದಕ್ಕೆ ‘ಗೋವಾದಲ್ಲಿ ಸಿ.ಐ.ಡಿ. 999’ ಹಾಕಿದ. ‘ಮಾವ, ಸ್ಪೀಕರು ಕೆಟ್ಟೋಯ್ತು’ ಅಂದ. ಕೆಟ್ಟಿರಲಿಲ್ಲ. ಆ ಕಾಲದ ಚಿತ್ರದ ಸದ್ದು ಫಿಲಂ ಅಂಚಿನ ಒಂದು ಸಣ್ಣ ಪಟ್ಟಿಯಲ್ಲಿ ಇರುತ್ತಿತ್ತು. ಬೆಳಕು ಆ ಪಟ್ಟಿಯನ್ನು ಹಾದು ಸದ್ದಾಗಬೇಕು. ಇದ್ದದ್ದು ಒಂದೇ ಧ್ವನಿ, ಎಡ-ಬಲ ಇಲ್ಲ. ಟೆಂಟಿನಲ್ಲಿ ಪರದೆಯ ಹಿಂದಿನ ಸ್ಪೀಕರಿನಿಂದ ಅದು ಬರುತ್ತಿತ್ತು. ಇವತ್ತಿನ ಯಂತ್ರ ಅದನ್ನು ಗುರುತಿಸಿ ನಡುವಿನ ಸ್ಪೀಕರಿಗೇ ಕಳಿಸುತ್ತದೆ, ಉಳಿದವು ಸುಮ್ಮನಿರುತ್ತವೆ. ಹಳೆಯ ಚಿತ್ರ ನೋಡುವ ಮೇಷ್ಟ್ರುಗಳಿಗೆ ಒಂದು ಮಾತು: ಕೃತಕವಾಗಿ ಐದಕ್ಕೂ ಹಂಚುವ ಬಟನ್ ಒತ್ತಬೇಡಿ, ಮಾತು ಬಾವಿಯೊಳಗಿಂದ ಬಂದಂತಾಗುತ್ತದೆ.

ಒಂದೇ ಸ್ಪೀಕರಿನಲ್ಲಿ ಕೇಳಿದಾಗ ಎದ್ದು ಬಂದದ್ದು ಗುಂಡಲ್ಲ, ಮಾತು. ಅಣ್ಣಾವ್ರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಕಂಪನಿ ನಾಟಕದವರು, ಮಗನೂ ಅಲ್ಲೇ ಪಳಗಿದವರು. ಹಿಂದಿನ ಸಾಲಿಗೂ ಮುಟ್ಟುವಂತೆ ಮಾತಾಡುವ ಅಭ್ಯಾಸ. ಪಿಸ್ತೂಲು ಹಿಡಿದಾಗಲೂ ಒಂದು ಅಕ್ಷರ ನುಂಗುವುದಿಲ್ಲ. ಗುಂಡು ಹಾರಿದ್ದು ‘ಟಪ್’ ಅಂತ ಕೇಳಿತು, ಕೊಂಬೆ ಮುರಿದ ಹಾಗೇ. ದೊಡ್ಡಮ್ಮ ಅವರೆಕಾಯಿಯಿಂದ ತಲೆ ಎತ್ತಲಿಲ್ಲ. ನರಸಿಂಹರಾಜು ಬಂದಾಗ ಮಾತ್ರ ಮೊರವನ್ನು ಪಕ್ಕಕ್ಕಿಟ್ಟು, ಟಿ.ವಿ.ಯ ಕಡೆ ತಿರುಗಿ ಕೂತರು.