ಧ್ರುವ ಜೋಡಣೆ (ದೂರದರ್ಶಕ)

ಧ್ರುವ ಜೋಡಣೆ ಎಂಬುದು ದೂರದರ್ಶಕವನ್ನು ಹೊತ್ತ ಸಮಭಾಜಕ ಮೌಂಟ್‌ನ ಮುಖ್ಯ ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾಂತರವಾಗಿ ನಿಲ್ಲಿಸುವ ಕ್ರಿಯೆ. ಹೀಗೆ ನಿಲ್ಲಿಸಿದಾಗ ಈ ಒಂದೇ ಅಕ್ಷವನ್ನು ತಿರುಗಿಸುತ್ತ ಗ್ರಹವನ್ನು ದೃಷ್ಟಿಕ್ಷೇತ್ರದಲ್ಲಿ ಹಿಡಿದಿಡಬಹುದು. ಅಕ್ಷದ ಓರೆಯು ಸ್ಥಳದ ಅಕ್ಷಾಂಶವನ್ನು ಅವಲಂಬಿಸುವುದರಿಂದ, ಇಲ್ಲಿ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ಪ್ರದೇಶದ ಲೆಕ್ಕವನ್ನು ಉದಾಹರಣೆಯಾಗಿ ನೀಡಲಾಗಿದೆ.

ಅಗತ್ಯ

ಭೂಮಿಯು 23 ಗಂಟೆ 56 ನಿಮಿಷಗಳಲ್ಲಿ ಒಮ್ಮೆ ತಿರುಗುವುದರಿಂದ ಆಕಾಶಕಾಯಗಳು ಗಂಟೆಗೆ ಸುಮಾರು 15 ಡಿಗ್ರಿಯಷ್ಟು, ಅಂದರೆ ಸೆಕೆಂಡಿಗೆ 15 ವಿಕಲೆಯಷ್ಟು, ಪಶ್ಚಿಮಕ್ಕೆ ಸರಿಯುವಂತೆ ತೋರುತ್ತವೆ. ಒಂದು ಡಿಗ್ರಿಯ 3600ನೆಯ ಒಂದು ಭಾಗವೇ ವಿಕಲೆ. ಸಮೀಪದಲ್ಲಿದ್ದಾಗ ಗುರುಗ್ರಹದ ತೋರಿಕೆಯ ವ್ಯಾಸ ಸುಮಾರು 50 ವಿಕಲೆ. ಆದುದರಿಂದ ಸ್ಥಿರ ದೂರದರ್ಶಕದಲ್ಲಿ ಅದು ಮೂರು-ನಾಲ್ಕು ಸೆಕೆಂಡುಗಳಲ್ಲಿ ತನ್ನ ಅಗಲದಷ್ಟು ದೂರ ಸರಿದುಬಿಡುತ್ತದೆ.

ಅಕ್ಷಾಂಶ ಮತ್ತು ಸ್ಥಳ

ಧ್ರುವಬಿಂದುವಿನ ಎತ್ತರ ಸ್ಥಳದ ಅಕ್ಷಾಂಶಕ್ಕೆ ಸಮ. ಈ ಐದೂ ಊರುಗಳು ಸುಮಾರು 16.4ರಿಂದ 16.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಆರಂಭಿಕರ ಮೌಂಟ್‌ನ ಅಂಕಪಟ್ಟಿಯಲ್ಲಿ ಇಷ್ಟು ಸಣ್ಣ ಅಂತರವನ್ನು ಗುರುತಿಸುವುದು ಕಷ್ಟವಾದ್ದರಿಂದ ಎಲ್ಲೆಡೆಗೂ 16.5 ಡಿಗ್ರಿ ಸಾಕು. ಇಷ್ಟು ತಗ್ಗಿದ ಕೋನದಲ್ಲಿ ಪ್ರತಿಭಾರವು ಮುಕ್ಕಾಲಿಯ ಕಾಲಿಗೆ ತಗಲಬಹುದು. ಮೊದಲೇ ಕೈಯಿಂದ ತಿರುಗಿಸಿ ಪರೀಕ್ಷಿಸಬೇಕು.

ಧ್ರುವ ನಕ್ಷತ್ರವು ಉತ್ತರ ದಿಗಂತಕ್ಕೆ ಸಮೀಪದಲ್ಲಿರುವುದರಿಂದ ಮಂಜು, ಮರ ಮತ್ತು ಕಟ್ಟಡಗಳು ಅದನ್ನು ಸುಲಭವಾಗಿ ಮರೆಮಾಡುತ್ತವೆ. ನೆಲದಿಂದ 1 ಮೀಟರ್ ಎತ್ತರದಲ್ಲಿರುವ ಉಪಕರಣಕ್ಕೆ, ಉತ್ತರದಲ್ಲಿ 3 ಮೀಟರ್ ಬೆಳೆದ ಕಬ್ಬಿನ ತೋಟವಿದ್ದರೆ, ನಕ್ಷತ್ರ ಕಾಣಲು ಕನಿಷ್ಠ 7 ಮೀಟರ್ ತೆರವು ಬೇಕು.

ವಿಧಾನ

ರಸಮಟ್ಟ ಬಳಸಿ ಮುಕ್ಕಾಲಿಯನ್ನು ಸಮತಲಗೊಳಿಸಿ, ಅಕ್ಷವನ್ನು 16.5 ಡಿಗ್ರಿಗೆ ಓರೆಯಾಗಿಸಿ ಧ್ರುವ ನಕ್ಷತ್ರದತ್ತ ತಿರುಗಿಸಲಾಗುತ್ತದೆ. ಮದುವೆಯಲ್ಲಿ ಅರುಂಧತಿಯೊಡನೆ ವಧೂವರರಿಗೆ ತೋರಿಸುವ ನಕ್ಷತ್ರವೇ ಇದು. ಸಪ್ತರ್ಷಿ ಮಂಡಲದ ಮುಂಭಾಗದ ಎರಡು ನಕ್ಷತ್ರಗಳು ಇದರತ್ತ ಬೆರಳು ಮಾಡುತ್ತವೆ. ಆ ಮಂಡಲ ಮುಳುಗಿರುವ ಕಾಲದಲ್ಲಿ ಕ್ಯಾಸಿಯೋಪಿಯಾ ನೆರವಾಗುತ್ತದೆ. ಧ್ರುವ ನಕ್ಷತ್ರವು ನಿಜವಾದ ಧ್ರುವಬಿಂದುವಿನಿಂದ ಸುಮಾರು 0.6 ಡಿಗ್ರಿ ದೂರದಲ್ಲಿದೆ.

ನಕ್ಷತ್ರ ಕಾಣದ ಕಡೆ ಹಗಲಿನಲ್ಲೇ ಉತ್ತರ–ದಕ್ಷಿಣ ರೇಖೆಯನ್ನು ಎಳೆದಿಡಬಹುದು. ಸ್ಥಳೀಯ ಮಧ್ಯಾಹ್ನದಲ್ಲಿ, ಗುಂಡು ಕಟ್ಟಿ ಇಳಿಬಿಟ್ಟ ದಾರದ ನೆರಳು ಈ ರೇಖೆಯ ಮೇಲೆಯೇ ಬೀಳುತ್ತದೆ. ಭಾರತೀಯ ಕಾಲಮಾನವು 82.5 ಡಿಗ್ರಿ ರೇಖಾಂಶದ್ದಾಗಿದ್ದು, ಈ ಪ್ರದೇಶ 75 ಡಿಗ್ರಿಯ ಆಸುಪಾಸಿನಲ್ಲಿದೆ. ಆದುದರಿಂದ ಇಲ್ಲಿನ ಮಧ್ಯಾಹ್ನ ಸರಾಸರಿ 12:30ರ ಹೊತ್ತಿಗೆ ಬರುತ್ತದೆ. ನವೆಂಬರ್ ಆರಂಭದಲ್ಲಿ ಸುಮಾರು 12:15ಕ್ಕೆ, ಫೆಬ್ರುವರಿಯಲ್ಲಿ ಸುಮಾರು 12:45ಕ್ಕೆ. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಸೂರ್ಯನು ನೆತ್ತಿಯ ಉತ್ತರಕ್ಕೆ ಹಾಯುವುದರಿಂದ ನೆರಳು ಗಿಡ್ಡದಾಗಿ ದಕ್ಷಿಣಕ್ಕೆ ಬೀಳುತ್ತದೆ. ಸೂಕ್ತ ಸೌರ ಶೋಧಕವಿಲ್ಲದ ದೂರದರ್ಶಕವನ್ನು ಸೂರ್ಯನತ್ತ ತಿರುಗಿಸಿ ನೋಡಿದರೆ ದೃಷ್ಟಿ ಶಾಶ್ವತವಾಗಿ ಹೋಗಬಹುದು.

ತಪ್ಪಿನ ತಿದ್ದುಪಡಿ

ಮಹಾವ್ಯಾಧನ ನಡುಪಟ್ಟಿಯಂತಹ, ಖಗೋಳ ಸಮಭಾಜಕದ ಬಳಿಯ ನಕ್ಷತ್ರವನ್ನು ಅದು ದಕ್ಷಿಣೋತ್ತರ ರೇಖೆಯ ಸಮೀಪಕ್ಕೆ ಬಂದಾಗ ಗಮನಿಸಬೇಕು. ಅದು ದಕ್ಷಿಣಕ್ಕೆ ಜಾರಿದರೆ ಅಕ್ಷ ಪೂರ್ವಕ್ಕೆ ವಾಲಿದೆ. ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕೆ ವಾಲಿದೆ. ಪೂರ್ವದಲ್ಲಿ ತಗ್ಗಿನಲ್ಲಿರುವ ನಕ್ಷತ್ರ ದಕ್ಷಿಣಕ್ಕೆ ಜಾರಿದರೆ ಅಕ್ಷ ತಗ್ಗಾಗಿದೆ; ಉತ್ತರಕ್ಕೆ ಜಾರಿದರೆ ಎತ್ತರವಾಗಿದೆ. ದೂರದರ್ಶಕವನ್ನು ಧ್ರುವ ನಕ್ಷತ್ರದ ಕಡೆಗೆ ಕೊಂಚ ಸರಿಸಿದಾಗ ಹೊಸ ನಕ್ಷತ್ರಗಳು ಒಳಬರುವ ಅಂಚೇ ಐಪೀಸ್‌ನಲ್ಲಿ ಉತ್ತರ.

ಗ್ರಹಗಳ ಛಾಯಾಗ್ರಹಣ

ಜೋಡಣೆಯಲ್ಲಿ 1 ಡಿಗ್ರಿಯ ತಪ್ಪಿದ್ದರೂ, ಮೋಟಾರ್ ಸರಿಯಾಗಿ ನಡೆಯುತ್ತಿದ್ದರೆ, ಗ್ರಹವು ನಿಮಿಷಕ್ಕೆ ಹೆಚ್ಚೆಂದರೆ 16 ವಿಕಲೆಯಷ್ಟು ಜಾರುತ್ತದೆ. ಗ್ರಹಗಳನ್ನು ಕಿರು ವಿಡಿಯೊವಾಗಿ ಸೆರೆಹಿಡಿದು, ಸ್ಪಷ್ಟವಾದ ಚೌಕಟ್ಟುಗಳನ್ನಷ್ಟೇ ಆಟೋಸ್ಟ್ಯಾಕರ್ಟ್‌ನಂತಹ ತಂತ್ರಾಂಶದಲ್ಲಿ ಒಂದರ ಮೇಲೊಂದು ಕೂಡಿಸುವುದರಿಂದ ಈ ಜಾರುವಿಕೆ ತೊಡಕಾಗದು. ಗುರುವು 10 ಗಂಟೆಯೊಳಗೆ ಒಂದು ಸುತ್ತು ತಿರುಗುವುದರಿಂದ ಅದರ ವಿಡಿಯೊ ಎರಡು-ಮೂರು ನಿಮಿಷ ಮೀರದಿರುವುದು ಒಳ್ಳೆಯದು. ನೀಹಾರಿಕೆಗಳ ದೀರ್ಘ ಛಾಯಾಗ್ರಹಣಕ್ಕೆ ಮಾತ್ರ ಇದಕ್ಕಿಂತ ಹೆಚ್ಚು ನಿಖರವಾದ ಜೋಡಣೆ ಬೇಕಾಗುತ್ತದೆ.