ನಿಲ್ಲುವ ಎಡೆ

ಈಗ ನಾನು ಆಡುತ್ತಿರುವ ಮಾತಿನಲ್ಲಿ ಅಲ್ಪವಿರಾಮವೂ ಇಲ್ಲ, ಪೂರ್ಣವಿರಾಮವೂ ಇಲ್ಲ. ಅವು ನನ್ನೆದುರಿನ ಹಾಳೆಯಲ್ಲಿವೆ. ನಿಮ್ಮ ಕಿವಿಯನ್ನು ಮುಟ್ಟುವುದು ಉಸಿರಿನ ತಡೆ, ದನಿಯ ಏರಿಳಿತ ಅಷ್ಟೆ. ಬರವಣಿಗೆಯಲ್ಲಿ ಈ ಕೆಲಸವನ್ನು ಲೇಖನ ಚಿಹ್ನೆಗಳು ಮಾಡುತ್ತವೆ. ಆದರೆ ಕನ್ನಡದ ಬರವಣಿಗೆ ಬಹುಕಾಲ ಅವುಗಳ ಹಂಗಿಲ್ಲದೆಯೇ ನಡೆಯಿತು. ಅದು ಹೇಗೆ ಸಾಧ್ಯವಾಯಿತು?

ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಲ್ಲಿ ಪದಪದಗಳ ನಡುವೆ ತೆರಪಿಲ್ಲ. ತಾಳೆಯೋಲೆಯ ಲಿಪಿಕಾರರೂ ಅಕ್ಷರಕ್ಕೆ ಅಕ್ಷರ ಹೊಂದಿಸಿ ಬರೆದುಕೊಂಡು ಹೋದರು. ಒಂದು ಗೀಟು, ಎರಡು ಗೀಟುಗಳ ದಂಡವೇ ಮುಖ್ಯವಾದ ಗುರುತು. ಅದರ ಬಳಕೆಯೂ ಎಲ್ಲ ಪ್ರತಿಗಳಲ್ಲಿ ಏಕರೀತಿಯದಲ್ಲ.

ಓದುವವನಿಗೆ ಭಾಷೆಯೇ ನೆರವಾಗುತ್ತಿತ್ತು. ಕೊನೆಯಲ್ಲಿ ಬರುವ ಕ್ರಿಯಾಪದ ವಾಕ್ಯವನ್ನು ಮುಗಿಸುತ್ತಿತ್ತು. 'ಎಂದು' ಎಂಬುದು ಒಬ್ಬರಾಡಿದ ಮಾತಿನ ಗಡಿಯನ್ನು ತೋರುತ್ತಿತ್ತು. 'ಏ', 'ಓ'ಗಳು ಪ್ರಶ್ನೆಯನ್ನು ಸೂಚಿಸುತ್ತಿದ್ದುವು. ಪದ್ಯದಲ್ಲಿ ಎರಡನೆಯ ಅಕ್ಷರದ ಪ್ರಾಸ ಹೊಸ ಪಾದದ ಆರಂಭವನ್ನು ಸಾರುತ್ತಿತ್ತು. ವಚನದ ಮುಕ್ತಾಯವನ್ನು ಅಂಕಿತ ತಿಳಿಸುತ್ತಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಕಾವ್ಯವೆಂಬುದು ಒಬ್ಬರು ಓದಿ ಹಲವರು ಕೇಳುವಂಥದು. ಗಮಕಿ ನಿಲ್ಲಬೇಕಾದಲ್ಲಿ ನಿಲ್ಲುತ್ತಿದ್ದ; ಆ ಎಡೆಯನ್ನು ಅವನು ಗುರುಮುಖದಿಂದ ಅರಿತಿದ್ದ.

1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಸೇರಾಂಪುರದಲ್ಲಿ ಅಚ್ಚಾಯಿತು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರತಂದ. ಒಂಟಿಯಾಗಿ ಕುಳಿತು ಪತ್ರಿಕೆ ಓದುವವನ ಬಳಿ ಗಮಕಿಯಿಲ್ಲ, ಗುರುವಿಲ್ಲ. ಗದ್ಯಕ್ಕೆ ಪ್ರಾಸದ ಆಸರೆಯೂ ಇಲ್ಲ. ಇಂಗ್ಲಿಷಿನ ಚಿಹ್ನೆಗಳು ಕ್ರಮೇಣ ನಮ್ಮ ಅಚ್ಚಿನಲ್ಲಿ ನೆಲೆಗೊಂಡದ್ದು ಇಂಥ ಓದುಗನಿಗಾಗಿ.

ಎರವಲು ತಂದ ಈ ಚುಕ್ಕೆಗೆರೆಗಳು ನಮಗೇಕೆಂದು ಪ್ರಾಯದಲ್ಲಿ ನಾನೂ ವಾದಿಸಿದ್ದೆ. ನನ್ನ ಬಾಯಿ ಮುಚ್ಚಿಸಿದ್ದು ಒಂದು ಕಾರ್ಡು. ಆಗಷ್ಟೇ ಅಧ್ಯಾಪಕನಾಗಿ ಪರವೂರಿನಲ್ಲಿದ್ದೆ. ದೀಪಾವಳಿ ಕಳೆದ ಮೇಲೆ ನನ್ನಲ್ಲಿಗೆ ಬಂದಿರಬೇಕೆಂದು ತಾಯಿಯವರಿಗೆ ಬರೆದಿದ್ದೆ. ಅಲ್ಪಸ್ವಲ್ಪ ಅಕ್ಷರ ಕಲಿತಿದ್ದ ಅವರು, ಆಡುವಂತೆಯೇ ಬರೆದು ಉತ್ತರಿಸಿದರು: 'ನಾನು ಬರುವುದಿಲ್ಲ ಹಬ್ಬ ಮುಗಿದ ಮೇಲೆ ನೀನೇ ಬಾ'. ನಾನು 'ಬರುವುದಿಲ್ಲ' ಎಂಬಲ್ಲಿ ನಿಲ್ಲಿಸಿ ಓದಿದೆ; ಹಬ್ಬ ಮುಗಿಸಿಕೊಂಡು ಊರಿಗೆ ಹೋದೆ. ಅವರು ನಿಲ್ಲಿಸಿದ್ದು 'ಮುಗಿದ ಮೇಲೆ' ಎಂಬಲ್ಲಿ. ಹಬ್ಬದ ದಿನ ನನಗೊಂದು ಎಲೆ ಹಾಕಿಟ್ಟು, ಹೊತ್ತು ಇಳಿಯುವವರೆಗೂ ಉಣ್ಣದೆ ಕಾದಿದ್ದರಂತೆ.

ಅವರು ನನ್ನನ್ನು ಆಕ್ಷೇಪಿಸಲಿಲ್ಲ. "ಓದುವಾಗ ನನ್ನ ದನಿ ನಿನಗೆ ಕೇಳಿಸಲಿಲ್ಲವೇನೋ?" ಎಂದಷ್ಟೇ ಕೇಳಿದರು.

ಕನ್ನಡ ಎಂ.ಎ. ಮಾಡಿದ್ದ ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಮುಂದೆ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಬಿಟ್ಟುಹೋದ ಅಲ್ಪವಿರಾಮವನ್ನು ಕೆಂಪು ಶಾಯಿಯಲ್ಲಿ ಇಡುವಾಗಲೆಲ್ಲ ಆ ಕಾರ್ಡು ನೆನಪಾಗುತ್ತಿತ್ತು. ಬರೆದವರು ಓದುವವರ ಪಕ್ಕದಲ್ಲಿ ಇರುವುದಿಲ್ಲ. ಎಲ್ಲಿ ನಿಲ್ಲಬೇಕೆಂಬುದನ್ನು ಅವರು ಬರೆಯುವಾಗಲೇ ಹೇಳಿಬಿಡಬೇಕು.